ಗಣಕಯಂತ್ರದ ಮೌನ: ಕಾರಣ ಮತ್ತು ಪರಿಹಾರ

ಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳ ಬಾಳು ದಾಸೋಹದ ಮೇಲೆ ನಿಂತದ್ದು. ಸುಗ್ಗಿಯ ಕಾಲದಲ್ಲಿ ಭಕ್ತರು ಜೋಳ, ರಾಗಿ, ಬೇಳೆಗಳ ಚೀಲಗಳನ್ನು ಮಠದ ಉಗ್ರಾಣಕ್ಕೆ ತಂದೊಪ್ಪಿಸುವ ಪದ್ಧತಿ ಇಂದಿಗೂ ಉಳಿದು ಬಂದಿದೆ. ಅದರ ಜೊತೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಕಾಣಿಕೆಯೂ ಬರತೊಡಗಿದೆ. ನಗರಗಳಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ತಾವು ಬಳಸಿದ ಲ್ಯಾಪ್‌ಟಾಪುಗಳನ್ನು ಅಭಿಮಾನದಿಂದ ಶಾಲೆಗೆ ಒಪ್ಪಿಸುತ್ತಿದ್ದಾರೆ. ಇವು ಹತ್ತು ಹನ್ನೆರಡು ವರ್ಷಗಳಷ್ಟು ಹಳೆಯವಾಗಿದ್ದರೂ ಅಕ್ಷರ ಬರೆಯುವುದಕ್ಕೂ ಚಿತ್ರ ತೋರಿಸುವುದಕ್ಕೂ ಪಾಠ ಕೇಳಿಸುವುದಕ್ಕೂ ಸಾಕಾಗುವಂಥವು.

ಇಂಥ ಯಂತ್ರಗಳಿಗೆ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿದೊಡನೆ ಒಂದು ತೊಡಕು ಹಲವು ಕಡೆ ತಲೆದೋರುತ್ತದೆ. ಪರದೆ ಬೆಳಗುತ್ತದೆ, ಅಕ್ಷರ ಮೂಡುತ್ತದೆ, ಚಲನಚಿತ್ರ ಓಡುತ್ತದೆ. ಆದರೆ ಧ್ವನಿ ಮಾತ್ರ ಇರುವುದಿಲ್ಲ. ನಿನ್ನೆಯವರೆಗೆ ಹಾಡುತ್ತಿದ್ದ ಯಂತ್ರ ಇಂದು ಮೂಕವಾಗುತ್ತದೆ. ಆಗ ಸಾಮಾನ್ಯವಾಗಿ ಕೇಳಿಬರುವ ತೀರ್ಪು ‘ಇದು ಹಳೆಯದು, ಕೆಟ್ಟಿತು’ ಎಂಬುದು. ಯಂತ್ರವು ಬೀರುವಿನ ಮೇಲೇರಿ ಧೂಳು ಹಿಡಿಯುತ್ತದೆ. ದಾನಿಯು ಸದ್ಭಾವದಿಂದ ಕೊಟ್ಟ ವಸ್ತು ಹೀಗೆ ವ್ಯರ್ಥವಾಗುವುದು ದಾಸೋಹದ ಧರ್ಮಕ್ಕೆ ಒಪ್ಪುವ ಮಾತಲ್ಲ. ನಿಜವಾಗಿ ನೋಡಿದರೆ, ವ್ಯವಸ್ಥೆಯನ್ನು ಬದಲಿಸಿದ ಮರುಗಳಿಗೆಯಲ್ಲೇ ಧ್ವನಿ ನಿಂತುಹೋದ ಯಂತ್ರದಲ್ಲಿ ಬಹುಮಟ್ಟಿಗೆ ಯಾವ ಭಾಗವೂ ಕೆಟ್ಟಿರುವುದಿಲ್ಲ. ಕಳೆದುಹೋಗಿರುವುದು ಒಂದು ಸಣ್ಣ ತಂತ್ರಾಂಶ ಮಾತ್ರ. ಅದು ಯಾವುದು, ಏಕೆ ಕಳೆಯಿತು, ಹೇಗೆ ಮರಳಿ ತರಬೇಕು ಎಂಬುದನ್ನು ಅಧ್ಯಾಪಕ ಬಾಂಧವರ ಮತ್ತು ದಾನಿಗಳ ಉಪಯೋಗಕ್ಕಾಗಿ ಇಲ್ಲಿ ಯಥಾಮತಿ ನಿರೂಪಿಸಲಾಗಿದೆ.

ಕನ್ನಡ ಪಾಠ ಹೇಳುವವನಿಗೆ ಈ ವಿಷಯದ ಗೊಡವೆ ಏಕೆಂದು ಕೆಲವರು ಕೇಳಬಹುದು. ಭಾಷೆಯ ಮೊದಲ ಪಾಠವೇ ಧ್ವನಿ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಗಮಕದ ಏರಿಳಿತ, ವಚನಗಾಯನದ ಧಾಟಿ, ಇವು ಕಿವಿಯಿಂದ ಕಲಿಯಬೇಕಾದವು, ಕಣ್ಣಿನಿಂದ ಕಲಿಯತಕ್ಕವಲ್ಲ. ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯಿದೆ. ದೃಷ್ಟಿಹೀನ ವಿದ್ಯಾರ್ಥಿಗೆ ಗಣಕದ ಧ್ವನಿಯೇ ಗಣಕದ ಪರದೆ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಎಂಬವರು ೨೦೦೬ರಲ್ಲಿ ಆರಂಭಿಸಿದ ಎನ್.ವಿ.ಡಿ.ಎ. ಎಂಬ ಪರದೆವಾಚಕ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದರೊಡನೆ ಬರುವ ಈಸ್ಪೀಕ್ ಎಂಬ ವಾಚನಯಂತ್ರವು ಕನ್ನಡವನ್ನೂ ಓದಬಲ್ಲುದು. ಇಂಥ ಬಾಲಕನ ಕೈಯಲ್ಲಿರುವ ಯಂತ್ರ ಮೂಕವಾದರೆ ಅವನ ಪಾಲಿಗೆ ಆ ಯಂತ್ರವೇ ಇಲ್ಲವಾಯಿತೆಂದು ಅರ್ಥ. ಆದ್ದರಿಂದ ಇದನ್ನು ಕೇವಲ ಯಂತ್ರಜ್ಞರ ವಿಷಯವೆಂದು ಬಿಟ್ಟುಬಿಡಲಾಗದು.

ಧ್ವನಿಯ ಮಾರ್ಗ

ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ತನ್ನ ಶಬ್ದಮಣಿದರ್ಪಣದ ಆದಿಭಾಗದಲ್ಲಿಯೇ ಶಬ್ದವು ಹುಟ್ಟುವ ಬಗೆಯನ್ನು ವಿವರಿಸುತ್ತಾನೆ. ಜೀವನ ಇಚ್ಛೆ, ಅದಕ್ಕೆ ಅನುಕೂಲವಾದ ಗಾಳಿ, ನಾಭಿಮೂಲವೆಂಬ ನೆಲೆ, ಇವು ಕೂಡಿದಾಗ ಶಬ್ದವು ಜನಿಸುವುದೆಂದು ಅವನ ಅಭಿಪ್ರಾಯ. ಇವುಗಳಲ್ಲಿ ಒಂದು ತಪ್ಪಿದರೂ ನುಡಿ ಹೊರಡದು. ಗಣಕದಲ್ಲಿಯೂ ಧ್ವನಿಯು ಒಂದೇ ಕಡೆ ಹುಟ್ಟುವ ವಸ್ತುವಲ್ಲ; ಹಲವು ನೆಲೆಗಳನ್ನು ದಾಟಿ ಹೊರಬರುತ್ತದೆ. ಆ ನೆಲೆಗಳನ್ನು ಕ್ರಮವಾಗಿ ತಿಳಿದರೆ ದೋಷ ಎಲ್ಲಿದೆಯೆಂಬುದನ್ನು ಹುಡುಕುವುದು ಸುಲಭ.

ಗಣಕದಲ್ಲಿ ಹಾಡು ಅಂಕಿಗಳ ರೂಪದಲ್ಲಿ ಶೇಖರವಾಗಿರುತ್ತದೆ. ಧ್ವನಿತರಂಗದ ಎತ್ತರವನ್ನು ಒಂದು ಸೆಕೆಂಡಿಗೆ ಸಹಸ್ರಾರು ಸಲ ಅಳೆದು ಬರೆದಿಟ್ಟ ಲೆಕ್ಕವದು. ಸಿ.ಡಿ. ತಟ್ಟೆಯ ಪದ್ಧತಿಯಲ್ಲಿ ಸೆಕೆಂಡಿಗೆ ೪೪,೧೦೦ ಅಳತೆಗಳು. ಹಾಡಿಸುವ ತಂತ್ರಾಂಶವು ಈ ಅಂಕಿಗಳನ್ನು ತೆಗೆದು ಕಾರ್ಯಾಚರಣ ವ್ಯವಸ್ಥೆಗೆ ಒಪ್ಪಿಸುತ್ತದೆ. ಕಾರ್ಯಾಚರಣ ವ್ಯವಸ್ಥೆಯು ಅವನ್ನು ಚಾಲಕ ತಂತ್ರಾಂಶದ ಮೂಲಕ ಧ್ವನಿನಿಯಂತ್ರಕವೆಂಬ ವಿದ್ಯುನ್ಮಂಡಲಕ್ಕೆ ಕಳುಹಿಸುತ್ತದೆ. ಅಲ್ಲಿಂದ ಅವು ಕೊಡೆಕ್ ಎಂಬ ಚಿಪ್ಪನ್ನು ಸೇರುತ್ತವೆ. ಅಂಕಿಗಳನ್ನು ವಿದ್ಯುತ್ತಿನ ಏರಿಳಿತವಾಗಿ ಪರಿವರ್ತಿಸುವುದು ಕೊಡೆಕ್ಕಿನ ಕೆಲಸ. ಆ ಏರಿಳಿತವನ್ನು ಧ್ವನಿವರ್ಧಕ ಮಂಡಲವು ಬಲಪಡಿಸಿದ ಮೇಲೆ ಸ್ಪೀಕರಿನ ತೆಳುಪೊರೆ ಕಂಪಿಸಿ ಗಾಳಿಯನ್ನು ಅಲುಗಿಸುತ್ತದೆ. ನಮ್ಮ ಕಿವಿಗೆ ಹಾಡು ಕೇಳುತ್ತದೆ.

ನಿಯಂತ್ರಕಕ್ಕೂ ಕೊಡೆಕ್ಕಿಗೂ ನಡುವಣ ವ್ಯವಹಾರಕ್ಕೆ ಇಂಟೆಲ್ ಸಂಸ್ಥೆಯು ೨೦೦೪ರಲ್ಲಿ ‘ಹೈ ಡೆಫಿನಿಷನ್ ಆಡಿಯೋ’ ಎಂಬ ಕಟ್ಟಳೆಯನ್ನು ಪ್ರಕಟಿಸಿತು. ಅದಕ್ಕೆ ಹಿಂದೆ ಬಳಕೆಯಲ್ಲಿದ್ದ ಎ.ಸಿ. ೯೭ ಎಂಬ ಪದ್ಧತಿಯ ಸ್ಥಾನವನ್ನು ಇದು ಪಡೆಯಿತು. ಇಂದು ಶಾಲೆಗಳಿಗೆ ಬರುವ ಹಳೆಯ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ಈ ಕಟ್ಟಳೆಗೆ ಒಳಪಟ್ಟವು. ಆದರೆ ಕೊಡೆಕ್ ಚಿಪ್ಪನ್ನು ಎಲ್ಲ ಲ್ಯಾಪ್‌ಟಾಪುಗಳಿಗೂ ಒಂದೇ ಸಂಸ್ಥೆ ಮಾಡುವುದಿಲ್ಲ. ತೈವಾನಿನ ರಿಯಲ್‌ಟೆಕ್, ಅಮೆರಿಕದ ಕೊನೆಕ್ಸೆಂಟ್ ಮತ್ತು ಐ.ಡಿ.ಟಿ. ಸಂಸ್ಥೆಗಳ ಚಿಪ್ಪುಗಳು ಹೆಚ್ಚಾಗಿ ಕಾಣಸಿಗುತ್ತವೆ. ಲ್ಯಾಪ್‌ಟಾಪಿನ ಮೇಲೆ ಅಚ್ಚಾದ ಹೆಸರು ಯಾವುದೇ ಇರಲಿ, ಒಳಗಿನ ಗಂಟಲು ಈ ಕೆಲವೇ ಸಂಸ್ಥೆಗಳದು.

ಚಾಲಕವೆಂಬ ದುಭಾಷಿ

ಡ್ರೈವರ್ ಎಂದೊಡನೆ ನಮಗೆ ಬಸ್ಸು ಓಡಿಸುವವನ ನೆನಪಾಗುತ್ತದೆ. ಗಣಕದ ಡ್ರೈವರನ್ನು ಚಾಲಕ ತಂತ್ರಾಂಶವೆಂದು ಕರೆಯುವುದು ವಾಡಿಕೆ. ಆದರೆ ಅದರ ಕೆಲಸವನ್ನು ನೋಡಿದರೆ ದುಭಾಷಿ ಎಂಬ ಪದವೇ ಹೆಚ್ಚು ಹೊಂದುತ್ತದೆ. ಕಾರ್ಯಾಚರಣ ವ್ಯವಸ್ಥೆಯು ‘ಈ ಧ್ವನಿಯನ್ನು ಹೊರಡಿಸು’ ಎಂದು ಸಾಮಾನ್ಯ ಆಜ್ಞೆಯನ್ನು ಮಾತ್ರ ಕೊಡಬಲ್ಲುದು. ಇಂಥ ಚಿಪ್ಪಿನ ಇಂಥ ಕಾಲಿಗೆ ಸ್ಪೀಕರ್ ಜೋಡಿಸಲಾಗಿದೆ, ಇಂಥ ಸಂಕೇತ ಕೊಟ್ಟರೆ ಅದರ ವರ್ಧಕ ಎಚ್ಚರಗೊಳ್ಳುತ್ತದೆ ಎಂಬ ಸೂಕ್ಷ್ಮಗಳು ಅದಕ್ಕೆ ತಿಳಿಯವು. ಅವನ್ನು ಬಲ್ಲದ್ದು ಆ ಚಿಪ್ಪಿಗಾಗಿಯೇ ಬರೆದ ಚಾಲಕ. ಅದು ಒಂದು ಕಡೆ ವ್ಯವಸ್ಥೆಯ ಭಾಷೆಯನ್ನೂ ಇನ್ನೊಂದು ಕಡೆ ಚಿಪ್ಪಿನ ಭಾಷೆಯನ್ನೂ ಬಲ್ಲದು.

ಹೀಗಿರಲಾಗಿ ಇಬ್ಬರಲ್ಲಿ ಒಬ್ಬರ ಭಾಷೆ ಬದಲಾದರೂ ದುಭಾಷಿಯು ನಿರುಪಯುಕ್ತನಾಗುತ್ತಾನೆ. ಕಾರ್ಯಾಚರಣ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸುವುದೆಂದರೆ ಒಂದು ಪಕ್ಷದ ಭಾಷೆಯನ್ನು ಬದಲಿಸುವುದೇ ಸರಿ. ಚಿಪ್ಪು ಇದ್ದಲ್ಲೇ ಇದೆ, ಸ್ಪೀಕರ್ ಸುಸ್ಥಿತಿಯಲ್ಲಿದೆ, ಹಾಡೂ ಇದೆ. ನಡುವೆ ನಿಂತು ಹೇಳುವವರಿಲ್ಲ.

ಮೌನಕ್ಕೆ ಕಾರಣಗಳು

ದುಭಾಷಿ ಕಳೆದುಹೋಗುವುದಕ್ಕೆ ಮುಖ್ಯ ಕಾರಣಗಳು ನಾಲ್ಕು.

ಮೊದಲನೆಯದು, ವ್ಯವಸ್ಥೆಯ ರಚನೆಯೇ ಬದಲಾಗುವುದು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ವಿಸ್ತಾ ೨೦೦೭ರಲ್ಲಿ ಬಂದಾಗ ಅದರ ಧ್ವನಿವಿಭಾಗವನ್ನು ಹೊಸದಾಗಿ ಕಟ್ಟಲಾಗಿತ್ತು, ಎಕ್ಸ್.ಪಿ.ಗಾಗಿ ಬರೆದ ಅನೇಕ ಚಾಲಕಗಳು ಅಲ್ಲಿ ಕೆಲಸಕ್ಕೆ ಬಾರದೆ ಹೋದವು. ೨೦೦೯ರ ವಿಂಡೋಸ್ ೭, ೨೦೧೨ರ ವಿಂಡೋಸ್ ೮, ೨೦೧೫ರ ವಿಂಡೋಸ್ ೧೦, ೨೦೨೧ರ ವಿಂಡೋಸ್ ೧೧, ಹೀಗೆ ಒಂದೊಂದು ಹೆಜ್ಜೆಯಲ್ಲಿಯೂ ಕೆಲವು ಹಳೆಯ ಚಾಲಕಗಳು ಹಿಂದುಳಿದಿವೆ.

ಎರಡನೆಯದು, ೩೨ ಬಿಟ್ ಮತ್ತು ೬೪ ಬಿಟ್ ಭೇದ. ಹಳೆಯ ಯಂತ್ರದಲ್ಲಿ ೩೨ ಬಿಟ್ಟಿನ ವ್ಯವಸ್ಥೆಯಿದ್ದು, ಈಗ ೬೪ ಬಿಟ್ಟಿನದನ್ನು ಹಾಕಿದರೆ ಹಿಂದಿನ ಚಾಲಕ ಸರ್ವಥಾ ಒಗ್ಗದು. ವಿಂಡೋಸ್ ೧೧ ಅಂತೂ ೬೪ ಬಿಟ್ಟಿನ ರೂಪದಲ್ಲಿ ಮಾತ್ರ ದೊರೆಯುತ್ತದೆ.

ಮೂರನೆಯದು, ಸಹಿಯ ನಿಯಮ. ೬೪ ಬಿಟ್ಟಿನ ವಿಂಡೋಸ್ ವ್ಯವಸ್ಥೆಯು ಅಂಕೀಯ ಸಹಿಯಿಲ್ಲದ ಚಾಲಕವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಚಾಲಕಕ್ಕೆ ವ್ಯವಸ್ಥೆಯ ಗರ್ಭಗೃಹದವರೆಗೆ ಪ್ರವೇಶವಿರುವುದರಿಂದ ಈ ಕಾವಲು ನ್ಯಾಯವಾದದ್ದೇ.

ನಾಲ್ಕನೆಯದು, ತಯಾರಕರ ಔದಾಸೀನ್ಯ ಅಥವಾ ಅಭಾವ. ಲ್ಯಾಪ್‌ಟಾಪು ಮಾರಿದ ಸಂಸ್ಥೆಯು ಕೆಲವು ವರ್ಷಗಳಾದ ಮೇಲೆ ಆ ಮಾದರಿಗೆ ಹೊಸ ಚಾಲಕ ಬರೆಯಿಸುವುದನ್ನು ನಿಲ್ಲಿಸುತ್ತದೆ. ಚಿಪ್ಪು ಮಾಡಿದ ಸಂಸ್ಥೆಗಳೂ ಶಾಶ್ವತವಲ್ಲ. ಕೊನೆಕ್ಸೆಂಟ್ ೨೦೧೭ರಲ್ಲಿ ಸಿನಾಪ್ಟಿಕ್ಸ್ ಸಂಸ್ಥೆಯ ವಶವಾಯಿತು, ಐ.ಡಿ.ಟಿ. ೨೦೧೯ರಲ್ಲಿ ಜಪಾನಿನ ರೆನೆಸಾಸ್ ಸಂಸ್ಥೆಯನ್ನು ಸೇರಿತು. ಮನೆತನ ಅಳಿದ ಮೇಲೆ ಅದರ ಕಾಗದಪತ್ರಗಳನ್ನು ಹುಡುಕುವಷ್ಟೇ ಕಷ್ಟ ಇಂಥ ಚಿಪ್ಪುಗಳ ಚಾಲಕವನ್ನು ಹುಡುಕುವುದು.

ಮೊದಲು ಪರೀಕ್ಷಿಸಬೇಕಾದ ಸಂಗತಿಗಳು

ಔಷಧಕ್ಕೆ ಮುನ್ನ ನಿದಾನ ಆಗಬೇಕು. ಚಾಲಕವನ್ನು ಹುಡುಕಿ ಹೊರಡುವ ಮೊದಲು ಕೆಲವು ಸಾಮಾನ್ಯ ಸಂಗತಿಗಳನ್ನು ನೋಡಿಕೊಳ್ಳುವುದು ವಿಹಿತ.

ಧ್ವನಿಯನ್ನು ಅಡಗಿಸುವ ಕೀಲಿಯು ಒತ್ತಲ್ಪಟ್ಟಿದೆಯೇ ನೋಡಬೇಕು. ಪರದೆಯ ಬಲಕೆಳಮೂಲೆಯ ಸ್ಪೀಕರ್ ಚಿಹ್ನೆಯನ್ನು ಒತ್ತಿ, ಧ್ವನಿ ಹೊರಡುವ ದಾರಿಯಾಗಿ ಯಾವ ಸಾಧನ ಆಯ್ಕೆಯಾಗಿದೆಯೆಂದು ಪರಿಶೀಲಿಸಬೇಕು. ವ್ಯವಸ್ಥೆ ಬದಲಾದಾಗ ಈ ಆಯ್ಕೆಯು ಸ್ಪೀಕರಿನಿಂದ ಪ್ರೊಜೆಕ್ಟರಿಗೋ ಹೊರಪರದೆಗೋ ಜಾರಿರುವುದುಂಟು.

ಬಳಿಕ ಯಂತ್ರವನ್ನು ‘ರೀಸ್ಟಾರ್ಟ್’ ಮಾಡಬೇಕು. ಆರಿಸಿ ಹೊತ್ತಿಸಿದರೆ ಸಾಲದೇ ಎಂದು ಕೇಳಬಹುದು, ಸಾಲದು. ವಿಂಡೋಸ್ ೮ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಚಾಲೂ ಇದ್ದಾಗ ‘ಷಟ್ ಡೌನ್’ ಒತ್ತಿದರೆ ವ್ಯವಸ್ಥೆಯು ತನ್ನ ಒಳಸ್ಥಿತಿಯನ್ನು ತಟ್ಟೆಯಲ್ಲಿ ಬರೆದಿಟ್ಟು ಮಲಗುತ್ತದೆ. ಎದ್ದಾಗ ಅದೇ ಸ್ಥಿತಿಯನ್ನು, ಅದರಲ್ಲಿದ್ದ ದೋಷದ ಸಮೇತ, ಮರಳಿ ತರುತ್ತದೆ. ‘ರೀಸ್ಟಾರ್ಟ್’ ಒತ್ತಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ.

ಮೂರನೆಯದಾಗಿ, ‘ಸರ್ವಿಸಸ್’ ಎಂಬ ಪಟ್ಟಿಯನ್ನು ತೆರೆದು ‘ವಿಂಡೋಸ್ ಆಡಿಯೋ’ ಮತ್ತು ‘ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್’ ಎಂಬ ಎರಡು ಸೇವೆಗಳು ನಡೆಯುತ್ತಿವೆಯೇ ಎಂದು ನೋಡಬೇಕು. ಇವು ನಿಂತಿದ್ದರೆ ಚಾಲಕ ಸರಿಯಿದ್ದರೂ ಧ್ವನಿ ಹೊರಡದು.

ಯಂತ್ರದ ಗುರುತನ್ನು ಓದುವುದು

ಇಷ್ಟಾದರೂ ಮೌನ ಮುಂದುವರಿದರೆ ‘ಡಿವೈಸ್ ಮ್ಯಾನೇಜರ್’ ಎಂಬ ಪಟ್ಟಿಯನ್ನು ತೆರೆಯಬೇಕು. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಅದರ ಹೆಸರು ಕಾಣುತ್ತದೆ. ಯಂತ್ರದೊಳಗಿನ ಸಕಲ ಅಂಗಗಳ ಹಾಜರಿಪುಸ್ತಕವೆಂದು ಇದನ್ನು ತಿಳಿಯಬಹುದು. ಅದರಲ್ಲಿ ‘ಸೌಂಡ್, ವಿಡಿಯೋ ಆ್ಯಂಡ್ ಗೇಮ್ ಕಂಟ್ರೋಲರ್ಸ್’ ಎಂಬ ತಲೆಬರಹದ ಕೆಳಗೆ ನಾಲ್ಕು ಬಗೆಯ ಸ್ಥಿತಿಗಳಲ್ಲಿ ಒಂದು ಕಾಣಸಿಗುವುದು.

ಧ್ವನಿಸಾಧನದ ಹೆಸರಿನ ಮೇಲೆ ಕೆಳಮುಖದ ಬಾಣವಿದ್ದರೆ ಆ ಸಾಧನವನ್ನು ತಡೆಹಿಡಿಯಲಾಗಿದೆ ಎಂದರ್ಥ. ಅದರ ಸಂಕೇತಸಂಖ್ಯೆ ೨೨. ‘ಎನೇಬಲ್’ ಒತ್ತಿದರೆ ಸಾಕು. ಹಳದಿ ತ್ರಿಕೋನವಿದ್ದರೆ ‘ಪ್ರಾಪರ್ಟೀಸ್’ ತೆರೆದು ಸಂಕೇತಸಂಖ್ಯೆಯನ್ನು ಓದಬೇಕು. ೨೮ ಎಂದಿದ್ದರೆ ಚಾಲಕವೇ ಇಲ್ಲ. ೧೦ ಎಂದಿದ್ದರೆ ಚಾಲಕವಿದೆ, ಸಾಧನ ಆರಂಭವಾಗುತ್ತಿಲ್ಲ. ೩೯ ಎಂದಿದ್ದರೆ ಚಾಲಕ ಹಾಳಾಗಿದೆ ಅಥವಾ ಕಾಣೆಯಾಗಿದೆ. ೫೨ ಎಂದಿದ್ದರೆ ಸಹಿಯನ್ನು ದೃಢಪಡಿಸಲಾಗುತ್ತಿಲ್ಲ. ಮೂರನೆಯ ಸ್ಥಿತಿಯಲ್ಲಿ ಧ್ವನಿಯ ತಲೆಬರಹದಡಿ ಪರದೆಗೆ ಸಂಬಂಧಿಸಿದ ‘ಡಿಸ್‌ಪ್ಲೇ ಆಡಿಯೋ’ ಮಾತ್ರ ಇದ್ದು, ನಿಜವಾದ ಕೊಡೆಕ್ ‘ಅದರ್ ಡಿವೈಸಸ್’ ಎಂಬ ಬೇರೆ ತಲೆಬರಹದಡಿ ಅನಾಮಧೇಯವಾಗಿ ಕುಳಿತಿರುತ್ತದೆ. ಒಂದು ಹೆಸರು ಕಂಡಿತಲ್ಲಾ ಎಂದು ಅನೇಕರು ಇಲ್ಲಿಯೇ ಮೋಸಹೋಗುತ್ತಾರೆ; ಅದು ಎಚ್.ಡಿ.ಎಂ.ಐ. ತಂತಿಯ ಮೂಲಕ ಹೊರಪರದೆಗೆ ಹೋಗುವ ಧ್ವನಿಯ ಸಾಧನ, ಲ್ಯಾಪ್‌ಟಾಪಿನ ಸ್ಪೀಕರಿನದಲ್ಲ. ನಾಲ್ಕನೆಯ ಸ್ಥಿತಿಯಲ್ಲಿ ಕೊಡೆಕ್ ಎಲ್ಲಿಯೂ ಕಾಣುವುದಿಲ್ಲ. ಆಗ ‘ಸಿಸ್ಟಮ್ ಡಿವೈಸಸ್’ ಅಡಿಯಲ್ಲಿ ಧ್ವನಿನಿಯಂತ್ರಕದ ಸ್ಥಿತಿಯನ್ನೂ, ಯಂತ್ರದ ಬಯೋಸ್ ವ್ಯವಸ್ಥೆಯಲ್ಲಿ ಧ್ವನಿಯನ್ನು ತಡೆಯಲಾಗಿದೆಯೇ ಎಂಬುದನ್ನೂ ನೋಡಬೇಕು.

ಅನಾಮಧೇಯ ಸಾಧನಕ್ಕೂ ಕುಲಗೋತ್ರವಿದೆ. ‘ಪ್ರಾಪರ್ಟೀಸ್’ ಒಳಗೆ ‘ಡೀಟೇಲ್ಸ್’ ತೆರೆದು ‘ಹಾರ್ಡ್‌ವೇರ್ ಐಡೀಸ್’ ಆಯ್ದುಕೊಂಡರೆ ಉದ್ದನೆಯ ಒಂದು ಸಂಕೇತಮಾಲೆ ಕಾಣುತ್ತದೆ. ಅದರಲ್ಲಿ ‘ವೆನ್’ ಎಂಬುದರ ಮುಂದಿರುವ ನಾಲ್ಕು ಚಿಹ್ನೆಗಳು ತಯಾರಕನ ಗುರುತು. ‘ಡೆವ್’ ಎಂಬುದರ ಮುಂದಿರುವ ನಾಲ್ಕು ಚಿಪ್ಪಿನ ಗುರುತು. ತಯಾರಕನ ಗುರುತು ‘೧೦ಇಸಿ’ ಎಂದಿದ್ದರೆ ರಿಯಲ್‌ಟೆಕ್, ‘೧೪ಎಫ್೧’ ಎಂದಿದ್ದರೆ ಕೊನೆಕ್ಸೆಂಟ್, ‘೧೧೧ಡಿ’ ಎಂದಿದ್ದರೆ ಐ.ಡಿ.ಟಿ., ‘೮೦೮೬’ ಎಂದಿದ್ದರೆ ಇಂಟೆಲ್. ಪರದೆಯ ಮೇಲೆ ಇವು ರೋಮನ್ ಲಿಪಿಯಲ್ಲಿಯೇ ಇರುತ್ತವೆ. ಈ ಸಂಕೇತಮಾಲೆಯನ್ನು ಒಂದು ಚೀಟಿಯಲ್ಲಿ ಅಕ್ಷರತಪ್ಪಿಲ್ಲದೆ ಬರೆದುಕೊಳ್ಳುವುದೇ ಈ ಕಾರ್ಯದ ಅರ್ಧಭಾಗ. ರೋಗಿಯ ಹೆಸರು ತಿಳಿಯದೆ ಔಷಧಿ ಕೊಡಲಾಗದು. ಚಿಪ್ಪಿನ ಹೆಸರು ತಿಳಿಯದೆ ಚಾಲಕ ಹಾಕಲಾಗದು.

ಚಾಲಕವನ್ನು ತರುವ ಐದು ಮೂಲಗಳು

ಒಂದು: ವಿಂಡೋಸ್ ಅಪ್‌ಡೇಟ್. ಅದರ ‘ಆಪ್ಷನಲ್ ಅಪ್‌ಡೇಟ್ಸ್’ ವಿಭಾಗದಲ್ಲಿ ಚಾಲಕಗಳಿಗಾಗಿ ಪ್ರತ್ಯೇಕ ಪಟ್ಟಿಯಿರುತ್ತದೆ. ತಾನಾಗಿ ಬಾರದ ಧ್ವನಿಚಾಲಕವು ಎಷ್ಟೋ ಸಲ ಅಲ್ಲಿ ನಾವು ಆಯ್ದುಕೊಳ್ಳಲೆಂದು ಕಾದಿರುತ್ತದೆ.

ಎರಡು: ಲ್ಯಾಪ್‌ಟಾಪು ಮಾರಿದ ಸಂಸ್ಥೆಯ ಅಧಿಕೃತ ತಾಣ. ಯಂತ್ರದ ಕೆಳಭಾಗದ ಚೀಟಿಯಲ್ಲಿರುವ ಮಾದರಿಸಂಖ್ಯೆಯನ್ನೋ ಕ್ರಮಸಂಖ್ಯೆಯನ್ನೋ ಅಲ್ಲಿ ಕೊಟ್ಟರೆ ಅದೇ ಯಂತ್ರಕ್ಕೆ ಹೊಂದುವ ಚಾಲಕಗಳ ಪಟ್ಟಿ ದೊರೆಯುತ್ತದೆ. ಡೆಲ್ ಯಂತ್ರಗಳಲ್ಲಿ ಈ ಸಂಖ್ಯೆಗೆ ‘ಸರ್ವಿಸ್ ಟ್ಯಾಗ್’ ಎಂದು ಹೆಸರು. ಸ್ಪೀಕರ್, ಮೈಕು, ಹೆಡ್‌ಫೋನುಗಳ ಜೋಡಣೆಯ ವಿವರ ಈ ಚಾಲಕಗಳಲ್ಲಿ ಅಡಕವಾಗಿರುವುದರಿಂದ ಗುಣದಲ್ಲಿ ಇವೇ ಶ್ರೇಷ್ಠ. ಹೊಸ ವ್ಯವಸ್ಥೆಗೆಂದು ಚಾಲಕ ಇಲ್ಲದಿದ್ದಲ್ಲಿ ಅದರ ಹಿಂದಿನ ವ್ಯವಸ್ಥೆಗೆ ಇರುವುದನ್ನು ಪ್ರಯತ್ನಿಸಬಹುದು. ಆದರೆ ೬೪ ಬಿಟ್ಟಿನ ವ್ಯವಸ್ಥೆಗೆ ೬೪ ಬಿಟ್ಟಿನದೇ ಆಗಬೇಕು. ‘ಈ ವ್ಯವಸ್ಥೆಗೆ ಹೊಂದುವುದಿಲ್ಲ’ ಎಂದು ಸ್ಥಾಪಕ ಕಡತವು ನಿರಾಕರಿಸಿದರೆ ಅದರ ‘ಪ್ರಾಪರ್ಟೀಸ್’ನಲ್ಲಿ ‘ಕಂಪ್ಯಾಟಿಬಿಲಿಟಿ’ ಎಂಬಲ್ಲಿ ಹಳೆಯ ವ್ಯವಸ್ಥೆಯ ಹೆಸರನ್ನು ಆಯ್ದು ಮತ್ತೊಮ್ಮೆ ನಡೆಸಬೇಕು. ಕೆಲವು ಸ್ಥಾಪಕಗಳು ಹೆಸರನ್ನು ನೋಡಿಯೇ ಬಾಗಿಲು ಹಾಕುತ್ತವೆ. ಒಳಗಿನ ಚಾಲಕಕ್ಕೆ ತೊಂದರೆ ಇರುವುದಿಲ್ಲ.

ಮೂರು: ಯಂತ್ರದೊಳಗೇ ಉಳಿದಿರುವ ಹಳೆಯ ಚಾಲಕ. ಇದನ್ನು ಬಲ್ಲವರು ಕಡಮೆ. ಹಳೆಯ ವ್ಯವಸ್ಥೆಯ ಮೇಲೆಯೇ ಹೊಸದನ್ನು ಹಾಕಿದಾಗ ಹಿಂದಿನದೆಲ್ಲವೂ ‘ವಿಂಡೋಸ್.ಓಲ್ಡ್’ ಎಂಬ ಕೋಶದಲ್ಲಿ ಕೆಲವು ದಿನ, ಸಾಮಾನ್ಯವಾಗಿ ಹತ್ತು ದಿನ, ಉಳಿದಿರುತ್ತದೆ. ಅದರೊಳಗೆ ‘ವಿಂಡೋಸ್’, ‘ಸಿಸ್ಟಮ್೩೨’, ‘ಡ್ರೈವರ್‌ಸ್ಟೋರ್’ ಎಂಬ ಕೋಶಗಳನ್ನು ದಾಟಿದರೆ ‘ಫೈಲ್ ರೆಪಾಸಿಟರಿ’ ಸಿಗುತ್ತದೆ. ‘ಅಪ್‌ಡೇಟ್ ಡ್ರೈವರ್’ ಒತ್ತಿ, ‘ಬ್ರೌಸ್ ಮೈ ಕಂಪ್ಯೂಟರ್’ ಆಯ್ದು ಈ ಕೋಶವನ್ನು ತೋರಿಸಿದರೆ ವ್ಯವಸ್ಥೆಯು ತಾನೇ ಹುಡುಕಿಕೊಳ್ಳುತ್ತದೆ. ಅವಧಿ ಮೀರಿದರೆ ಈ ಕೋಶ ತಾನಾಗಿ ಅಳಿದುಹೋಗುತ್ತದೆ. ಆದ್ದರಿಂದ ವಿಳಂಬ ಸಲ್ಲದು.

ನಾಲ್ಕು: ಮೈಕ್ರೋಸಾಫ್ಟ್ ಸಂಸ್ಥೆಯ ‘ಅಪ್‌ಡೇಟ್ ಕೆಟಲಾಗ್’ ಎಂಬ ಸಾರ್ವಜನಿಕ ಭಂಡಾರ. ಚೀಟಿಯಲ್ಲಿ ಬರೆದುಕೊಂಡ ಸಂಕೇತಮಾಲೆಯನ್ನು ಇಲ್ಲಿ ಕೊಟ್ಟು ಸಹಿಯುಳ್ಳ ಚಾಲಕಗಳನ್ನು ಪಡೆಯಬಹುದು.

ಐದು: ವಿಂಡೋಸ್ ಜೊತೆಯಲ್ಲಿಯೇ ಬರುವ ಸಾಮಾನ್ಯ ಚಾಲಕ. ‘ಅಪ್‌ಡೇಟ್ ಡ್ರೈವರ್’ ಒಳಗೆ ‘ಲೆಟ್ ಮಿ ಪಿಕ್’ ಎಂಬುದನ್ನು ಆಯ್ದರೆ ‘ಹೈ ಡೆಫಿನಿಷನ್ ಆಡಿಯೋ ಡಿವೈಸ್’ ಎಂಬ ಹೆಸರು ಕಾಣುತ್ತದೆ. ೨೦೦೪ರ ಕಟ್ಟಳೆಗೆ ಒಳಪಟ್ಟ ಚಿಪ್ಪು ಯಾರದೇ ಇರಲಿ, ಅದರೊಡನೆ ಮೂಲಭೂತ ವ್ಯವಹಾರವನ್ನು ಇದು ನಡೆಸಬಲ್ಲುದು. ಎಚ್.ಪಿ. ಸಂಸ್ಥೆಯ ಅನೇಕ ಹಳೆಯ ಮಾದರಿಗಳಲ್ಲಿ ಐ.ಡಿ.ಟಿ. ಚಿಪ್ಪು ಇದ್ದು, ವಿಂಡೋಸ್ ೧೦ರಲ್ಲಿ ಅದರ ಸ್ವಂತ ಚಾಲಕ ಮೊಂಡುಹಿಡಿದಾಗ ಈ ಸಾಮಾನ್ಯ ಚಾಲಕವೇ ಕೈಹಿಡಿದದ್ದು ಪ್ರಸಿದ್ಧ ಸಂಗತಿ. ಹೆಡ್‌ಫೋನ್ ಚುಚ್ಚಿದಾಗ ಸ್ಪೀಕರ್ ತಾನಾಗಿ ನಿಲ್ಲುವಂಥ ಸೌಕರ್ಯಗಳು ಇದರಲ್ಲಿ ಕೆಲವೊಮ್ಮೆ ತಪ್ಪಬಹುದು. ಪಾಠ ಕೇಳುವುದಕ್ಕೆ ಬಾಧಕವಿಲ್ಲ.

ಯಾವ ಮೂಲದಿಂದ ತಂದರೂ ಸ್ಥಾಪನೆಯಲ್ಲಿ ಒಂದು ಕ್ರಮವಿದೆ. ಮೊದಲು ಚಿಪ್‌ಸೆಟ್ಟಿನ ಚಾಲಕ, ಅನಂತರ ಕೊಡೆಕ್ಕಿನದು. ನಿಯಂತ್ರಕವು ಎಚ್ಚರಗೊಳ್ಳದೆ ಅದರ ಹಿಂದಿರುವ ಕೊಡೆಕ್ ವ್ಯವಸ್ಥೆಯ ಕಣ್ಣಿಗೆ ಬೀಳುವುದಿಲ್ಲ. ಈಚಿನ ಕೆಲವು ಯಂತ್ರಗಳಲ್ಲಿ ಇವೆರಡರ ನಡುವೆ ಇಂಟೆಲ್ ಸಂಸ್ಥೆಯ ‘ಸ್ಮಾರ್ಟ್ ಸೌಂಡ್’ ಎಂಬ ಇನ್ನೊಂದು ಚಾಲಕವೂ ಬೇಕಾಗುತ್ತದೆ. ಸರಿಯಾದ ಚಾಲಕವನ್ನೇ ಹಾಕಿದರೂ ಫಲ ಕಾಣದಿರುವುದಕ್ಕೆ ಈ ಕ್ರಮಭಂಗವು ಒಂದು ಮುಖ್ಯ ಕಾರಣ. ಹಳೆಯ ಚಾಲಕದ ಅವಶೇಷ ಅಡ್ಡಬರುವುದಾದರೆ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ, ಚಾಲಕವನ್ನೂ ಅಳಿಸುವ ಗುರುತುಹಾಕಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಹೊಸದಾಗಿ ಆರಂಭಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ‘ಎಲ್ಲ ಚಾಲಕಗಳನ್ನೂ ಒಂದೇ ಗುಂಡಿಯಲ್ಲಿ ಸರಿಪಡಿಸುತ್ತೇವೆ’ ಎಂದು ಸಾರುವ ಅಪರಿಚಿತ ತಂತ್ರಾಂಶಗಳನ್ನು ಶಾಲೆಯ ಯಂತ್ರಕ್ಕೆ ಸೋಕಿಸಬಾರದು. ಚಾಲಕದ ವೇಷದಲ್ಲಿ ದುಷ್ಟ ತಂತ್ರಾಂಶ ಒಳಹೊಕ್ಕರೆ ವಿದ್ಯಾರ್ಥಿಗಳ ವಿವರ, ಅಂಕಪಟ್ಟಿ, ಲೆಕ್ಕಪತ್ರ ಎಲ್ಲವೂ ಅದರ ಕೈವಶವಾದಂತೆ. ಸಹಿಯ ಕಾವಲನ್ನು ತೆಗೆದುಹಾಕುವ ಉಪಾಯಗಳನ್ನೂ ಅನುಸರಿಸಬಾರದು. ಧ್ವನಿ ಬಂದರೂ ಮನೆಯ ಬಾಗಿಲು ತೆರೆದಿಟ್ಟಂತಾಗುತ್ತದೆ.

ಇಷ್ಟಾದರೂ ಧ್ವನಿ ಬಾರದಿದ್ದರೆ

ಆಗ ದೋಷವು ತಂತ್ರಾಂಶದಲ್ಲಿದೆಯೋ ಅಂಗದಲ್ಲಿದೆಯೋ ಎಂಬುದನ್ನು ನಿರ್ಣಯಿಸಬೇಕು. ಇದಕ್ಕೆ ನಿರಪಾಯವಾದ ಒಂದು ಪರೀಕ್ಷೆಯಿದೆ. ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿ, ಯಂತ್ರದಲ್ಲಿ ಸ್ಥಾಪಿಸದೆಯೇ ಅದರಿಂದ ಯಂತ್ರವನ್ನು ನಡೆಸಬಹುದು. ಲಿನಕ್ಸಿನ ತಿರುಳಿನಲ್ಲಿಯೇ ಆಲ್ಸಾ ಎಂಬ ಧ್ವನಿವಿಭಾಗವಿದ್ದು, ಹಳೆಯ ಕೊಡೆಕ್ಕುಗಳಲ್ಲಿ ಬಹುಪಾಲಿಗೆ ಬೇಕಾದ ಚಾಲಕಗಳು ಅದರೊಳಗೇ ಇರುತ್ತವೆ. ಅಲ್ಲಿ ಧ್ವನಿ ಕೇಳಿದರೆ ಗಂಟಲು ನೆಟ್ಟಗಿದೆ, ವಿಂಡೋಸಿನ ಚಾಲಕವನ್ನೇ ಇನ್ನೂ ಹುಡುಕಬೇಕು ಎಂದು ತಿಳಿಯಬಹುದು. ಅಲ್ಲಿಯೂ ಕೇಳದಿದ್ದರೆ ಸ್ಪೀಕರೋ ಅದರ ತಂತಿಯೋ ಕೆಟ್ಟಿರುವ ಸಂಭವ ಹೆಚ್ಚು. ದುರಸ್ತಿಗಾರರ ಬಳಿಗೆ ಒಯ್ಯುವುದು ಯುಕ್ತ.

ಹೆಡ್‌ಫೋನಿನಲ್ಲಿ ಕೇಳಿ ಸ್ಪೀಕರಿನಲ್ಲಿ ಕೇಳದಿದ್ದರೆ ಸಂದರ್ಭ ಬೇರೆ. ಸಾಮಾನ್ಯ ಚಾಲಕಕ್ಕೆ ಸ್ಪೀಕರಿನ ವರ್ಧಕವನ್ನು ಎಚ್ಚರಿಸುವ ಸಂಕೇತ ತಿಳಿಯದಿರಬಹುದು. ಅಥವಾ ಹೆಡ್‌ಫೋನ್ ಚುಚ್ಚುವ ರಂಧ್ರದಲ್ಲಿನ ಸಣ್ಣ ಒತ್ತುಗುಂಡಿ ಸಿಕ್ಕಿಕೊಂಡಿರಬಹುದು. ಮೊದಲನೆಯದಕ್ಕೆ ತಯಾರಕರ ಚಾಲಕವೇ ಮದ್ದು.

ಯಾವ ಯತ್ನವೂ ಫಲಿಸದಿದ್ದಾಗ ಕಡೆಯ ಉಪಾಯವಾಗಿ ಯು.ಎಸ್.ಬಿ. ಧ್ವನಿಸಾಧನವನ್ನು ಬಳಸಬಹುದು. ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಬೆರಳುದ್ದದ ಈ ಸಾಧನದಲ್ಲಿ ಕೊಡೆಕ್ ತನ್ನದೇ ಇರುತ್ತದೆ. ಸಾಮಾನ್ಯ ಬಗೆಯವಕ್ಕೆ ಬೇಕಾದ ಚಾಲಕ ವಿಂಡೋಸ್ ಲಿನಕ್ಸ್ ಎರಡರಲ್ಲಿಯೂ ಮೊದಲೇ ಸಿದ್ಧವಿರುತ್ತದೆ.

ಪ್ರಸ್ತುತ ಕಾಲದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ಕ್ಕೆ ಟಿ.ಪಿ.ಎಂ. ೨.೦ ಎಂಬ ಭದ್ರತಾ ಅಂಗವೂ, ಬಹುಮಟ್ಟಿಗೆ ೨೦೧೭ರ ಅನಂತರದ ಸಂಸ್ಕಾರಕವೂ ಬೇಕು. ದಾನವಾಗಿ ಬರುವ ಯಂತ್ರಗಳಲ್ಲಿ ಅನೇಕವು ಈ ಅರ್ಹತೆಗೆ ನಿಲುಕವು. ಅವಕ್ಕೆ ಬಲವಂತದಿಂದ ಹೊಸ ವಿಂಡೋಸನ್ನು ತುರುಕಿ ಧ್ವನಿಗಾಗಿ ಪರದಾಡುವುದಕ್ಕಿಂತ ಲಿನಕ್ಸನ್ನು ಸ್ಥಾಪಿಸುವುದೇ ಹಲವು ಸಂದರ್ಭಗಳಲ್ಲಿ ವಿವೇಕದ ಮಾರ್ಗ. ದೃಷ್ಟಿಹೀನರಿಗಾಗಿ ಅಲ್ಲಿ ಓರ್ಕಾ ಎಂಬ ಉಚಿತ ಪರದೆವಾಚಕವೂ ಇದೆ.

ಮುನ್ನೆಚ್ಚರಿಕೆ ಮತ್ತು ವಿನಂತಿ

ಈವರೆಗೆ ಹೇಳಿದ್ದೆಲ್ಲ ನಷ್ಟವಾದ ಮೇಲಿನ ಚಿಕಿತ್ಸೆ. ನಷ್ಟವಾಗದಂತೆ ಮಾಡುವುದು ಇನ್ನೂ ಸುಲಭ. ವ್ಯವಸ್ಥೆಯನ್ನು ಬದಲಿಸುವ ಮುನ್ನ ಧ್ವನಿ, ಜಾಲ, ಪರದೆ ಇವುಗಳ ಸಂಕೇತಮಾಲೆಗಳನ್ನು ಬರೆದಿಡಬೇಕು. ವಿಂಡೋಸ್ ೧೦ರಲ್ಲಿ ‘ಪಿ.ಎನ್.ಪಿ. ಯುಟಿಲ್’ ಎಂಬ ಉಪಕರಣವಿದ್ದು, ಹೊರಗಿನಿಂದ ಹಾಕಿದ ಚಾಲಕಗಳೆಲ್ಲವನ್ನೂ ಅದು ನಾವು ಹೇಳಿದ ಕೋಶಕ್ಕೆ ತೆಗೆದುಕೊಡುತ್ತದೆ. ಆ ಕೋಶವನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ದುಭಾಷಿಯನ್ನು ಊರೂರು ಅಲೆದು ಹುಡುಕಬೇಕಾಗಿಲ್ಲ.

ಅಧ್ಯಾಪಕರಲ್ಲಿ ವಿನಂತಿಯೆಂದರೆ, ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ನಮೂದುಪುಸ್ತಕವಿರುವಂತೆ ಗಣಕಗಳಿಗೂ ಒಂದು ಇರಲಿ. ಯಂತ್ರದ ಮಾದರಿ, ಕ್ರಮಸಂಖ್ಯೆ, ಧ್ವನಿಚಿಪ್ಪಿನ ಗುರುತು, ಹಾಕಿದ ಚಾಲಕ, ಹಾಕಿದ ದಿನಾಂಕ, ಇವಿಷ್ಟನ್ನು ಒಂದು ಸಾಲಿನಲ್ಲಿ ಬರೆಯಬಹುದು. ಬಲ್ಲವರೊಬ್ಬರು ವರ್ಗವಾಗಿ ಹೋದರೂ ಅವರ ಅರಿವು ಶಾಲೆಯಲ್ಲಿ ಉಳಿಯುತ್ತದೆ.

ದಾನಿಗಳಾದ ಹಳೆಯ ವಿದ್ಯಾರ್ಥಿಗಳಲ್ಲಿ ವಿನಂತಿಯೆಂದರೆ, ಯಂತ್ರವನ್ನು ಒಪ್ಪಿಸುವಾಗ ಅದರೊಡನೆ ಅದರ ಚಾಲಕಗಳ ಕೋಶವನ್ನೂ ಮಾದರಿಸಂಖ್ಯೆಯ ಚೀಟಿಯನ್ನೂ ದಯಮಾಡಿ ಒಪ್ಪಿಸಿರಿ. ತಮಗೆ ಅದು ಅರ್ಧಗಂಟೆಯ ಕೆಲಸ. ಆ ಅರ್ಧಗಂಟೆಯಿಂದ ಇಲ್ಲಿಯ ಮಗುವೊಂದಕ್ಕೆ ಪಾಠ ಕೇಳಿಸುತ್ತದೆ. ಕಣ್ಣಿಲ್ಲದ ಮಗುವಿಗೆ ಪುಸ್ತಕವೇ ತೆರೆದುಕೊಳ್ಳುತ್ತದೆ. ಕೊಟ್ಟ ವಸ್ತು ಸದ್ವಿನಿಯೋಗವಾದಾಗ ಮಾತ್ರ ದಾಸೋಹ ಪೂರ್ಣವಾಗುತ್ತದೆ. ಪೂಜ್ಯ ಶ್ರೀಗಳವರ ಆಶೀರ್ವಾದದಿಂದ ನಡೆಯುತ್ತಿರುವ ಈ ವಿದ್ಯಾಸಂಸ್ಥೆಯಲ್ಲಿ ಧ್ವನಿಯಿಲ್ಲವೆಂಬ ಕಾರಣಕ್ಕೆ ಯಾವ ಯಂತ್ರವೂ ಬೀರುವಿನ ಮೇಲೆ ಏರದಿರಲಿ ಎಂದು ಹಾರೈಸುತ್ತೇನೆ.